ಚೊಚ್ಚಲ ಬಸುರಿಯನ್ನೇ ಮಲೇರಿಯಾ ಹೆಚ್ಚು ಕಾಡುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಯಾಮರೂನಿನ ರೋಗನಿರೋಧಶಾಸ್ತ್ರಜ್ಞೆ ರೋಸ್ ಲೆಕೆ ಅವರ ಸಂಶೋಧನೆಯನ್ನು ಕುರಿತು, ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಮಲೇರಿಯಾ ಒಡ್ಡುವ ಅಪಾಯವನ್ನು ಕುರಿತು ಓದುಗರು ಹಲವು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವುದರಿಂದ ಅವುಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ರೋಸ್ ಲೆಕೆ ಯಾರು? ಅವರ ಸಂಶೋಧನೆಗೆ ಇಷ್ಟು ಮಹತ್ವ ಬಂದದ್ದು ಏಕೆ?

ಉತ್ತರ: 1947ರಲ್ಲಿ ಕ್ಯಾಮರೂನಿನಲ್ಲಿ ಹುಟ್ಟಿದ ಲೆಕೆ ಅಮೆರಿಕದಲ್ಲಿ ಪದವಿ ಶಿಕ್ಷಣ ಪಡೆದು, ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾಕ್ಟರೇಟ್ ಮುಗಿಸಿ, ತಮ್ಮ ದೇಶಕ್ಕೆ ಮರಳಿ ಯೌಂಡೆ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಗರ್ಭಿಣಿಯ ದೇಹ ಮಲೇರಿಯಾವನ್ನು ಎದುರಿಸುವ ಬಗೆ ಅವರ ಅಧ್ಯಯನದ ಕೇಂದ್ರ. ಅಮೆರಿಕದ ಡಯಾನ್ ಟೇಲರ್ ಅವರ ತಂಡದೊಂದಿಗೆ ಸೇರಿ ಅವರು ಕ್ಯಾಮರೂನಿನ ತಾಯಂದಿರ ರಕ್ತವನ್ನೂ ಹೆರಿಗೆಯ ನಂತರ ದೊರೆತ ಮಾಸನ್ನೂ (ಪ್ಲಾಸೆಂಟಾ) ಅಭ್ಯಸಿಸಿದರು. ಸೋಂಕು ತಗುಲಿದ ಮಾಸಿನಲ್ಲಿ ಉರಿಯೂತದ ಸಂಕೇತ ರಾಸಾಯನಿಕಗಳು ಹೇಗೆ ಏರುತ್ತವೆ, ತಾಯಿಯಲ್ಲಿ ಯಾವ ಗುಣದ ಪ್ರತಿಕಾಯಗಳಿದ್ದರೆ ಮಾಸು ಸೋಂಕಿನಿಂದ ಪಾರಾಗುತ್ತದೆ, ಮಾಸಿನಲ್ಲಿ ಅಡಗಿದ ಸೋಂಕನ್ನು ತೋಳಿನ ರಕ್ತದಿಂದಲೇ ಪತ್ತೆ ಮಾಡಬಹುದೇ ಎಂಬ ಮೂರು ಪ್ರಶ್ನೆಗಳ ಮೇಲೆ ಆ ಕೆಲಸ ಬೆಳಕು ಚೆಲ್ಲಿತು.

ಪ್ರಯೋಗಾಲಯದ ಆಚೆಗೂ ಅವರ ಕೆಲಸ ದೊಡ್ಡದು. ಕಾಡು ಪೋಲಿಯೊ ವೈರಾಣುವಿನಿಂದ ಆಫ್ರಿಕಾ ಮುಕ್ತವಾಗಿದೆ ಎಂದು 2020ರ ಆಗಸ್ಟ್‌ನಲ್ಲಿ ದೃಢೀಕರಿಸಿದ ಪ್ರಾದೇಶಿಕ ಆಯೋಗದ ಅಧ್ಯಕ್ಷರಾಗಿದ್ದವರು ಅವರೇ. 2024ರಲ್ಲಿ ಆಫ್ರಿಕಾ ಮತ್ತು ಅರಬ್ ದೇಶಗಳ ವಿಭಾಗದಲ್ಲಿ ಲೋರಿಯಲ್–ಯುನೆಸ್ಕೊ ಮಹಿಳಾ ವಿಜ್ಞಾನಿ ಪ್ರಶಸ್ತಿ ಅವರಿಗೆ ಸಂದಿತು. ರೋಗ ಎಲ್ಲಿ ಹೆಚ್ಚಿದೆಯೋ ಅಲ್ಲಿಯೇ ನೆಲೆಸಿ, ಅಲ್ಲಿನ ಕಿರಿಯ ಸಂಶೋಧಕಿಯರನ್ನು ಬೆಳೆಸುತ್ತ ಆ ರೋಗವನ್ನು ಅಭ್ಯಸಿಸಿದ ವಿಜ್ಞಾನಿ ಎಂಬ ಕಾರಣಕ್ಕೆ ನನಗೆ ಅವರ ಬಗ್ಗೆ ವಿಶೇಷ ಗೌರವವಿದೆ.

ಪ್ರಶ್ನೆ: ಮಲೇರಿಯಾ ಹೆಚ್ಚಿರುವ ಪ್ರದೇಶಗಳ ವಯಸ್ಕರಲ್ಲಿ ರೋಗನಿರೋಧಕ ಶಕ್ತಿ ಬೆಳೆದಿರುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅಲ್ಲಿನ ಹೆಣ್ಣುಮಕ್ಕಳು ಬಸುರಿಯಾದಾಗ, ಅದರಲ್ಲೂ ಮೊದಲ ಸಲ ಬಸುರಿಯಾದಾಗ, ಮತ್ತೆ ಮಲೇರಿಯಾಕ್ಕೆ ತುತ್ತಾಗುವುದೇಕೆ?

ಉತ್ತರ: ಈ ವಿಷಯದ ತಿರುಳೇ ಈ ಪ್ರಶ್ನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಮಲೇರಿಯಾ ವರ್ಷವಿಡೀ ಹರಡುವ ಪ್ರದೇಶಗಳಲ್ಲಿ ಮಕ್ಕಳು ಐದು ವರ್ಷ ತುಂಬುವುದರೊಳಗೆ ಹಲವಾರು ಬಾರಿ ಸೋಂಕಿಗೆ ಒಳಗಾಗುತ್ತಾರೆ. ಬದುಕುಳಿದವರ ದೇಹ ಕ್ರಮೇಣ ಪರಾವಲಂಬಿಯ ಜೊತೆ ಹೊಂದಿಕೊಳ್ಳುತ್ತದೆ. ರಕ್ತದಲ್ಲಿ ಪರಾವಲಂಬಿ ಸ್ವಲ್ಪ ಪ್ರಮಾಣದಲ್ಲಿ ಇದ್ದರೂ ಜ್ವರ ಬಾರದ ಸ್ಥಿತಿ ಅದು. ಆದರೆ ಅಲ್ಲಿಯೇ ಬೆಳೆದ ಯುವತಿ ಬಸುರಿಯಾದಾಗ ಪರಾವಲಂಬಿಗಳ ಸಂಖ್ಯೆ ಮತ್ತೆ ಏರುತ್ತದೆ, ರಕ್ತಹೀನತೆ ಕಾಣಿಸಿಕೊಳ್ಳುತ್ತದೆ, ಹುಟ್ಟುವ ಮಗುವಿನ ತೂಕ ಕಡಿಮೆಯಾಗುತ್ತದೆ. ಗರ್ಭದಲ್ಲಿರುವ ಮಗುವನ್ನು ತಾಯಿಯ ದೇಹ ಪರಕೀಯವೆಂದು ತಿರಸ್ಕರಿಸದಿರಲು ಅವಳ ರೋಗನಿರೋಧಕ ಶಕ್ತಿ ಒಟ್ಟಾರೆ ಕುಗ್ಗುವುದೇ ಇದಕ್ಕೆ ಕಾರಣವೆಂದು ಬಹಳ ಕಾಲ ನಂಬಲಾಗಿತ್ತು. ಈ ವಿವರಣೆ ಒಂದು ಸಂಗತಿಯ ಮುಂದೆ ನಿಲ್ಲಲಾರದು. ನಿರೋಧಕ ಶಕ್ತಿ ಕುಗ್ಗುವುದಷ್ಟೇ ಕಾರಣವಾಗಿದ್ದರೆ ಪ್ರತಿಯೊಂದು ಬಸುರಿನಲ್ಲೂ ಅಪಾಯ ಒಂದೇ ಮಟ್ಟದಲ್ಲಿರಬೇಕಿತ್ತು. ವಾಸ್ತವದಲ್ಲಿ ಚೊಚ್ಚಲ ಬಸುರಿನಲ್ಲಿ ಅತಿ ಹೆಚ್ಚಾಗಿದ್ದು, ಎರಡನೆಯದರಲ್ಲಿ ಇಳಿದು, ಮೂರು ನಾಲ್ಕನೆಯದರ ಹೊತ್ತಿಗೆ ಬಹಳಷ್ಟು ತಗ್ಗಿರುತ್ತದೆ.

ಒಗಟಿನ ಎಳೆ ಸಿಕ್ಕಿದ್ದು 1996ರಲ್ಲಿ. ಮಿಖಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಎಂಬ ವಿಜ್ಞಾನಿಗಳು ಕೀನ್ಯಾದ ಪಶ್ಚಿಮ ಭಾಗದಲ್ಲಿ ಹೆರಿಗೆಯಾದ ತಾಯಂದಿರ ಮಾಸಿನಿಂದ ಪರಾವಲಂಬಿಗಳನ್ನು ಪಡೆದು ಪರೀಕ್ಷಿಸಿದರು. ಇಲ್ಲಿ ಒಂದು ಹಿನ್ನೆಲೆ ತಿಳಿದಿರಬೇಕು. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣ ಗುಲ್ಮದ ಮೂಲಕ ಹಾದುಹೋದರೆ ಅಲ್ಲಿ ನಾಶವಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಪರಾವಲಂಬಿಯು ರಕ್ತಕಣದ ಮೇಲ್ಮೈಗೆ ಅಂಟುಗುಣದ ಪ್ರೋಟೀನೊಂದನ್ನು ಕಳುಹಿಸಿ, ಆ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುವಂತೆ ಮಾಡುತ್ತದೆ. ಇಂತಹ ಪ್ರೋಟೀನುಗಳಿಗಾಗಿ ಅದರ ಬಳಿ ಸುಮಾರು 60 ಜೀನುಗಳಿದ್ದು, ಒಂದು ಹೊತ್ತಿನಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಬಾಲ್ಯದುದ್ದಕ್ಕೂ ದೇಹ ಕಲಿಯುವುದು ಈ ಬಗೆಬಗೆಯ ಪ್ರೋಟೀನುಗಳನ್ನು ಒಂದೊಂದಾಗಿ ಗುರುತಿಸುವುದನ್ನೇ. ಫ್ರೀಡ್ ಮತ್ತು ಡಫಿ ಕಂಡುಕೊಂಡದ್ದೆಂದರೆ, ಮಾಸಿನಲ್ಲಿ ಸಿಕ್ಕ ಪರಾವಲಂಬಿಗಳು ಅಂಟಿಕೊಳ್ಳುವುದು ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆಯ ಸರಪಳಿಗೆ. ಬಸುರಿಯರಲ್ಲದವರಿಂದ ಪಡೆದ ಪರಾವಲಂಬಿಗಳು ಸಾಮಾನ್ಯವಾಗಿ ಅಂಟಿಕೊಳ್ಳುವುದು ಬೇರೆಯದೇ ಅಣುವಿಗೆ.

ಊರಿಗೆ ಬರುವ ಹಳೆಯ ದಾರಿಗಳಿಗೆಲ್ಲ ಕಾವಲಿದ್ದು, ನಿನ್ನೆಯಷ್ಟೇ ತೆರೆದ ಹೊಸ ದಾರಿಯಲ್ಲಿ ಯಾರೂ ಇಲ್ಲದಂತಹ ಸ್ಥಿತಿ ಇದು. ಮಾಸು ಎಂಬ ಅಂಗವೇ ಹೊಸದಾಗಿ ರೂಪುಗೊಂಡಿರುವುದರಿಂದ, ಅದಕ್ಕೆ ಅಂಟಬಲ್ಲ ಪರಾವಲಂಬಿಯ ರೂಪವನ್ನು ಆ ಯುವತಿಯ ದೇಹ ಹಿಂದೆಂದೂ ಎದುರಿಸಿರುವುದಿಲ್ಲ. ಮೊದಲ ಬಸುರಿನಲ್ಲಿ ಕಲಿತ ಪಾಠ ಎರಡನೆಯದರಲ್ಲಿ ಉಪಯೋಗಕ್ಕೆ ಬರುತ್ತದೆ. 1998ರಲ್ಲಿ ಇದೇ ತಂಡ ಇನ್ನೊಂದು ಮಹತ್ವದ ಸಂಗತಿಯನ್ನು ತೋರಿಸಿತು: ಹಲವು ಬಾರಿ ಬಸುರಿಯಾದ ಆಫ್ರಿಕಾದ ತಾಯಂದಿರ ಪ್ರತಿಕಾಯಗಳು ಏಷ್ಯಾದ ತಾಯಂದಿರ ಮಾಸಿನಿಂದ ಪಡೆದ ಪರಾವಲಂಬಿಯನ್ನೂ ಅಂಟದಂತೆ ತಡೆಯಬಲ್ಲವು. ಖಂಡಗಳ ಅಂತರವಿದ್ದರೂ ಪರಾವಲಂಬಿ ಬಳಸುವ ಉಪಾಯ ಒಂದೇ ಎಂದು ಇದರಿಂದ ಗೊತ್ತಾಯಿತು. 2003ರಲ್ಲಿ ಕೋಪನ್‌ಹೇಗನ್‌ನ ಅಲಿ ಸಲಾಂಟಿ ಮತ್ತು ಅವರ ಸಹೋದ್ಯೋಗಿಗಳು ಆ ಅಂಟುಪ್ರೋಟೀನಿನ ಜೀನನ್ನು ಗುರುತಿಸಿದರು. ಅದಕ್ಕೆ ವಾರ್2ಸಿಎಸ್‌ಎ ಎಂದು ಹೆಸರು.

ಲೆಕೆ ಮತ್ತು ಟೇಲರ್ ಅವರ ತಂಡ ಸಲಾಂಟಿ ಅವರೊಂದಿಗೆ ಸೇರಿ ಇದಕ್ಕೆ ಒಂದು ಮುಖ್ಯ ತಿದ್ದುಪಡಿ ಸೇರಿಸಿತು. ಈ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಎಷ್ಟಿವೆ ಎಂದು ಅಳೆದರಷ್ಟೇ ಸಾಲದು, ಅವು ಅದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದನ್ನೂ ನೋಡಬೇಕು. ಬಿಗಿಹಿಡಿತದ ಪ್ರತಿಕಾಯಗಳು ಹೆಚ್ಚಾಗಿದ್ದ ಕ್ಯಾಮರೂನಿನ ತಾಯಂದಿರ ಮಾಸು ಹೆರಿಗೆಯ ವೇಳೆಗೆ ಸೋಂಕಿನಿಂದ ಮುಕ್ತವಾಗಿರುವ ಸಾಧ್ಯತೆ ಹೆಚ್ಚು ಎಂಬುದು 2012ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲಿತಾಂಶ. ಲಸಿಕೆ ರೂಪಿಸುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ತಿಳಿವಳಿಕೆ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಈ ಏರಿಳಿತದ ಕಥೆ ಮಲೇರಿಯಾ ದಟ್ಟವಾಗಿರುವ ಪ್ರದೇಶಗಳಿಗೆ ಅನ್ವಯಿಸುತ್ತದೆ. ರೋಗ ವಿರಳವಾಗಿರುವೆಡೆ ಯಾರಲ್ಲೂ ನಿರೋಧಕ ಶಕ್ತಿ ಬೆಳೆದಿರುವುದಿಲ್ಲವಾದ್ದರಿಂದ ಎಷ್ಟನೆಯ ಬಸುರಾದರೂ ಅಪಾಯ ಇದ್ದೇ ಇರುತ್ತದೆ. ಅಲ್ಲಿ ಮಲೇರಿಯಾ ತಾಯಿಯ ಮೆದುಳು, ಶ್ವಾಸಕೋಶಗಳನ್ನು ಬಾಧಿಸಿ ಪ್ರಾಣಕ್ಕೇ ಸಂಚಕಾರ ತರಬಹುದು. ಎಚ್‌ಐವಿ ಸೋಂಕಿರುವ ತಾಯಂದಿರಲ್ಲಿಯೂ ಹಿಂದಿನ ಬಸುರುಗಳ ರಕ್ಷಣೆ ದುರ್ಬಲವಾಗುತ್ತದೆ.

ಪ್ರಶ್ನೆ: ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ ಮಲೇರಿಯಾ ಇಲ್ಲವೆಂದು ಬಂದು, ಹೆರಿಗೆಯ ನಂತರ ಮಾಸಿನಲ್ಲಿ ಸಿಗುವುದುಂಟೇ?

ಉತ್ತರ: ಉಂಟು. ಸೋಂಕು ತಗುಲಿದ ರಕ್ತಕಣಗಳು ಮಾಸಿನಲ್ಲಿ ತಾಯಿಯ ರಕ್ತ ತುಂಬಿರುವ ಜಾಗದಲ್ಲಿ ಒಟ್ಟುಗೂಡಿ ನಿಲ್ಲುತ್ತವೆ. ಬೆರಳ ತುದಿಯಿಂದ ತೆಗೆದ ಹನಿ ರಕ್ತದಲ್ಲಿ ಒಂದೂ ಕಾಣದಿರುವಾಗ ಮಾಸಿನಲ್ಲಿ ಅವು ಕಿಕ್ಕಿರಿದಿರಬಹುದು. ಹೆರಿಗೆಗೆ ಮುಂಚೆ ಮಾಸನ್ನು ಪರೀಕ್ಷಿಸಲು ದಾರಿಯಿಲ್ಲ, ಹೆರಿಗೆಯಾದ ಮೇಲೆ ತಿಳಿದರೆ ಆ ಮಗುವಿಗೆ ಪ್ರಯೋಜನವಿಲ್ಲ.

ಲೆಕೆ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇಕ್ಕಟ್ಟನ್ನೇ ಎದುರಿಸಿತು. ಫಾಲ್ಸಿಪಾರಂ ಪರಾವಲಂಬಿಯು ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಪರಾವಲಂಬಿ ಮಾಸಿನಲ್ಲಿ ಅಂಟಿಕೊಂಡು ಕುಳಿತರೂ ಈ ಪ್ರೋಟೀನು ಹರಿಯುವ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದ ಕೆಲವು ತಾಯಂದಿರಲ್ಲಿಯೂ ತೋಳಿನ ರಕ್ತದಿಂದಲೇ ಮಾಸಿನ ಸೋಂಕಿನ ಸುಳಿವು ದೊರೆಯುತ್ತದೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಮಲೇರಿಯಾದ ತ್ವರಿತ ಪರೀಕ್ಷಾ ಪಟ್ಟಿಗಳಲ್ಲಿ ಬಹುಪಾಲು ಇದೇ ಪ್ರೋಟೀನನ್ನು ಹುಡುಕುತ್ತವೆ. ಆದರೆ ಅವು ದೋಷರಹಿತವಲ್ಲ. ಕಡಿಮೆ ಪ್ರಮಾಣದ ಸೋಂಕು ಅವುಗಳ ಕಣ್ಣಿಗೂ ಬೀಳುವುದಿಲ್ಲ, ಆಫ್ರಿಕಾದ ಪೂರ್ವ ಭಾಗದ ಕೆಲವು ದೇಶಗಳಲ್ಲಂತೂ ಈ ಪ್ರೋಟೀನಿನ ಜೀನನ್ನೇ ಕಳೆದುಕೊಂಡ ಪರಾವಲಂಬಿಗಳು ಹರಡಿವೆ.

ಪ್ರಶ್ನೆ: ಸೊಳ್ಳೆಗಳು ಗರ್ಭಿಣಿಯರನ್ನೇ ಹೆಚ್ಚು ಕಚ್ಚುತ್ತವೆಯೇ? ಇದು ಬರೀ ನಂಬಿಕೆಯೇ?

ಉತ್ತರ: ನಂಬಿಕೆಯಲ್ಲ. ಗ್ಯಾಂಬಿಯಾದಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳನ್ನು ಗರ್ಭಿಣಿಯರು ಇತರ ಮಹಿಳೆಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಆಕರ್ಷಿಸಿದರು. ಬಸುರಿನ ಕೊನೆಯ ತಿಂಗಳುಗಳಲ್ಲಿ ಉಸಿರಿನ ಪ್ರಮಾಣ ಹೆಚ್ಚುವುದು ಮತ್ತು ಹೊಟ್ಟೆಯ ಭಾಗದ ಚರ್ಮ ತುಸು ಹೆಚ್ಚು ಬೆಚ್ಚಗಿರುವುದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ವಿವರಿಸಿದರು. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯನ್ನು ಬಸುರಿನ ಮೊದಲ ದಿನಗಳಿಂದಲೇ ಬಳಸಬೇಕೆಂದು ಹೇಳುವುದಕ್ಕೆ ಇದೂ ಒಂದು ಆಧಾರ.

ಪ್ರಶ್ನೆ: ಜ್ವರವೇ ಇಲ್ಲದ ಗರ್ಭಿಣಿಗೆ ಮಲೇರಿಯಾ ಮಾತ್ರೆ ನುಂಗಿಸುವುದು ಸರಿಯೇ? ಬಸುರಿನಲ್ಲಿ ಅನಗತ್ಯ ಔಷಧ ಬೇಡವೆಂದು ವೈದ್ಯರೇ ಹೇಳುತ್ತಾರಲ್ಲವೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಮಾಸಿನಲ್ಲಿ ಅಡಗಿದ ಸೋಂಕು ಅನೇಕ ಸಲ ಜ್ವರವನ್ನೂ ತರುವುದಿಲ್ಲ, ರಕ್ತಪರೀಕ್ಷೆಗೂ ಸಿಗುವುದಿಲ್ಲ ಎಂದ ಮೇಲೆ, ಜ್ವರ ಬರಲೆಂದು ಕಾಯುವುದು ಮಗು ಸೊರಗಲೆಂದು ಕಾದಂತೆಯೇ ಆಗುತ್ತದೆ. ಈ ಕಾರಣದಿಂದಲೇ 1990ರ ದಶಕದ ಮೊದಲ ವರ್ಷಗಳಲ್ಲಿ ಮಲಾವಿಯಲ್ಲಿ ಬೇರೊಂದು ವಿಧಾನವನ್ನು ಪರೀಕ್ಷಿಸಲಾಯಿತು. ಸೋಂಕು ಇದೆಯೋ ಇಲ್ಲವೋ ಎಂದು ನೋಡದೆ, ಸಲ್ಫಡಾಕ್ಸಿನ್–ಪೈರಿಮೆಥಮಿನ್ ಮಾತ್ರೆಗಳ ಪೂರ್ಣ ಪ್ರಮಾಣವನ್ನು ಬಸುರಿನ ಅವಧಿಯಲ್ಲಿ ಅಂತರ ಬಿಟ್ಟು ಕೊಡುವ ವಿಧಾನ ಅದು. ಈ ಔಷಧ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಇರುವ ಸೋಂಕನ್ನು ತೊಳೆಯುವುದಷ್ಟೇ ಅಲ್ಲದೆ ಹೊಸ ಸೋಂಕನ್ನೂ ಸ್ವಲ್ಪ ಕಾಲ ತಡೆಯುತ್ತದೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಪರಿಷ್ಕರಿಸಿ, ಆಫ್ರಿಕಾದಲ್ಲಿ ಮಲೇರಿಯಾ ಮಧ್ಯಮದಿಂದ ತೀವ್ರ ಪ್ರಮಾಣದಲ್ಲಿ ಹರಡುವ ಪ್ರದೇಶಗಳ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ಆರಂಭಿಸಿ, ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ಮೂರು ಅಥವಾ ಹೆಚ್ಚು ಬಾರಿ ಇದನ್ನು ಕೊಡಬೇಕೆಂದು ಹೇಳಿತು. ಎಲ್ಲ ದೇಶಗಳಿಗೂ ಅನ್ವಯಿಸುವ ಸಲಹೆ ಇದಲ್ಲ. ರೋಗ ವಿರಳವಾಗಿರುವೆಡೆ ಪರೀಕ್ಷಿಸಿ ಚಿಕಿತ್ಸೆ ನೀಡುವ ಕ್ರಮವೇ ಇದೆ.

ಈ ಔಷಧಕ್ಕೆ ಪರಾವಲಂಬಿ ಹಲವೆಡೆ ಪ್ರತಿರೋಧ ಬೆಳೆಸಿಕೊಂಡಿದೆ ಎಂಬುದು ನಿಜ. ಹಾಗಾದರೆ ಇನ್ನೂ ಪರಿಣಾಮಕಾರಿಯಾದ ಡೈಹೈಡ್ರೋಆರ್ಟೆಮಿಸಿನಿನ್–ಪೈಪರಾಕ್ವಿನ್ ಕೊಟ್ಟರೆ ಹೇಗೆ ಎಂದು ಕೀನ್ಯಾ, ಮಲಾವಿ ಮತ್ತು ಟಾಂಜಾನಿಯಾದಲ್ಲಿ ದೊಡ್ಡ ಪ್ರಯೋಗ ನಡೆಯಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶ ಸಂಶೋಧಕರನ್ನು ಯೋಚನೆಗೆ ಹಚ್ಚಿತು: ಹೊಸ ಔಷಧ ಮಲೇರಿಯಾವನ್ನು ಹೆಚ್ಚು ಚೆನ್ನಾಗಿ ತಡೆಯಿತು, ಆದರೆ ಹಳೆಯ ಔಷಧ ಪಡೆದ ತಾಯಂದಿರ ಮಕ್ಕಳ ಸರಾಸರಿ ತೂಕವೇ ಹೆಚ್ಚಾಗಿತ್ತು. ಹಳೆಯ ಔಷಧದಲ್ಲಿರುವ ಸಲ್ಫಾ ಅಂಶ ಇತರ ಬ್ಯಾಕ್ಟೀರಿಯಾ ಸೋಂಕುಗಳ ಮೇಲೂ ಕೆಲಸ ಮಾಡುತ್ತಿರಬಹುದು ಎಂಬುದು ಒಂದು ಊಹೆ. ಎರಡನ್ನೂ ಒಟ್ಟಿಗೆ ಕೊಡುವುದನ್ನು ಕುರಿತ ಪ್ರಯೋಗಗಳೂ ನಡೆದಿವೆ.

ಇಲ್ಲಿ ಬಳಕೆಯ ಎರಡು ವಿವರಗಳು ಮುಖ್ಯ. ಗರ್ಭಿಣಿಯರು ದಿನವೂ ತೆಗೆದುಕೊಳ್ಳುವ 0.4 ಮಿಲಿಗ್ರಾಂ ಫೋಲಿಕ್ ಆಮ್ಲದಿಂದ ತೊಂದರೆಯಿಲ್ಲ, ಆದರೆ 5 ಮಿಲಿಗ್ರಾಂನಂತಹ ಹೆಚ್ಚಿನ ಪ್ರಮಾಣ ಸಲ್ಫಡಾಕ್ಸಿನ್–ಪೈರಿಮೆಥಮಿನ್ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಎಚ್‌ಐವಿ ಕಾರಣದಿಂದ ಕೋಟ್ರೈಮಾಕ್ಸಜೋಲ್ ಸೇವಿಸುತ್ತಿರುವವರಿಗೆ ಇದನ್ನು ಕೊಡುವಂತಿಲ್ಲ.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ಅಗ್ಗವಾದ, ಕೆಲಸ ಮಾಡುವುದೆಂದು ಸಾಬೀತಾದ ಈ ಮಾತ್ರೆಗಳ ಮೂರು ಸರದಿಗಳನ್ನು ಪೂರ್ತಿಯಾಗಿ ಪಡೆಯುವ ಗರ್ಭಿಣಿಯರು, ಈ ಕ್ರಮ ಜಾರಿಯಲ್ಲಿರುವ ಆಫ್ರಿಕಾದ ದೇಶಗಳಲ್ಲಿ 2023ರಲ್ಲಿಯೂ ಅರ್ಧಕ್ಕಿಂತ ಕಡಿಮೆ ಇದ್ದರು. ಅದೇ ವರ್ಷ ಆ ಖಂಡದ ಮಲೇರಿಯಾಪೀಡಿತ ದೇಶಗಳಲ್ಲಿ ಬಸುರಿಯಾದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಸೋಂಕು ತಗುಲಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ವಿಜ್ಞಾನ ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿರುವ ಕಡೆಯಲ್ಲಿ ಮಾತ್ರೆ ತಾಯಿಯ ಕೈಸೇರದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪ್ರಶ್ನೆ: ತಾಯಿಯ ಮಲೇರಿಯಾ ಮಗುವಿಗೆ ಹರಡುತ್ತದೆಯೇ?

ಉತ್ತರ: ಪರಾವಲಂಬಿ ಮಾಸನ್ನು ದಾಟಿ ಮಗುವಿನ ರಕ್ತ ಸೇರುವುದುಂಟು, ಆದರೆ ಹುಟ್ಟಿದ ಕೂಡಲೇ ರೋಗವಾಗಿ ಕಾಣಿಸುವುದು ವಿರಳ. ತಾಯಿಯಿಂದ ಬಂದ ಪ್ರತಿಕಾಯಗಳೂ ಎಳೆಗೂಸಿನ ರಕ್ತದಲ್ಲಿರುವ ವಿಶಿಷ್ಟ ಹಿಮೋಗ್ಲೋಬಿನ್ನೂ ಮೊದಲ ಕೆಲವು ತಿಂಗಳು ಒಂದಿಷ್ಟು ರಕ್ಷಣೆ ಕೊಡುತ್ತವೆ. ಮಗುವಿಗೆ ನಿಜವಾದ ಹಾನಿಯಾಗುವುದು ಪರಾವಲಂಬಿ ತನ್ನನ್ನು ಮುಟ್ಟುವ ಮುನ್ನವೇ. ಸೋಂಕಿತ ಕಣಗಳನ್ನು ನುಂಗಲು ತಾಯಿಯ ಬಿಳಿರಕ್ತಕಣಗಳು ಮಾಸಿಗೆ ಧಾವಿಸಿ ಉರಿಯೂತ ಉಂಟಾಗುತ್ತದೆ, ಆಹಾರ ಮತ್ತು ಆಮ್ಲಜನಕದ ಸಾಗಣೆ ಕುಗ್ಗುತ್ತದೆ, ಕೂಸಿನ ಬೆಳವಣಿಗೆ ಕುಂಠಿತವಾಗುತ್ತದೆ ಅಥವಾ ದಿನ ತುಂಬುವ ಮೊದಲೇ ಹೆರಿಗೆಯಾಗುತ್ತದೆ. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುವಿಗೆ ಮೊದಲ ತಿಂಗಳಲ್ಲಿ ಸಾವಿನ ಅಪಾಯ ಹೆಚ್ಚು. ಆ ಸಾವು ದಾಖಲೆಯಲ್ಲಿ ಸೇರುವುದು ಕಡಿಮೆ ತೂಕದ ಹೆಸರಿನಲ್ಲಿ; ಮಲೇರಿಯಾದ ಲೆಕ್ಕಕ್ಕೆ ಅದು ಬರುವುದಿಲ್ಲ. 2023ರಲ್ಲಿ ಜಗತ್ತಿನಾದ್ಯಂತ ಮಲೇರಿಯಾದಿಂದ ಸುಮಾರು 5,97,000 ಜನ ಸತ್ತರೆಂಬ ಅಂದಾಜನ್ನು ಓದುವಾಗ ಈ ಕಾಣದ ಭಾಗವೂ ನಮ್ಮ ಮನಸ್ಸಿನಲ್ಲಿರಬೇಕು.

ಪ್ರಶ್ನೆ: ಬಸುರಿನ ಮೊದಲ ಮೂರು ತಿಂಗಳಲ್ಲಿ ಮಲೇರಿಯಾ ಬಂದರೆ ಆರ್ಟೆಮಿಸಿನಿನ್ ಕೊಡಬಾರದೆಂದು ಹಿಂದೆ ಓದಿದ್ದೆ. ಈಗ ಕೊಡಬಹುದು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಆಯಾ ಕಾಲದ ಪುರಾವೆಗೆ ತಕ್ಕಂತೆ ಎರಡೂ ಸರಿ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಔಷಧಗಳು ಭ್ರೂಣಕ್ಕೆ ಹಾನಿ ಮಾಡಿದ್ದರಿಂದ ಮೊದಲ ಮೂರು ತಿಂಗಳಲ್ಲಿ ಕ್ವಿನೈನನ್ನು ಕ್ಲಿಂಡಾಮೈಸಿನ್ ಜೊತೆ ಏಳು ದಿನ ಕೊಡುವ ಪದ್ಧತಿಯಿತ್ತು. ಕ್ವಿನೈನ್ ಕಹಿ, ಕಿವಿಯಲ್ಲಿ ಗುಂಯ್‌ಗುಡುತ್ತದೆ, ವಾಕರಿಕೆ ತರುತ್ತದೆ, ಗರ್ಭಿಣಿಯ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಏಳು ದಿನ ಪೂರ್ತಿ ನುಂಗುವವರು ಕಡಿಮೆ. ಈ ನಡುವೆ, ಬಸುರಿಯೆಂದು ತಿಳಿಯುವ ಮೊದಲೇ ಆರ್ಟೆಮಿಸಿನಿನ್ ಸೇವಿಸಿದ ಮಹಿಳೆಯರ ದಾಖಲೆಗಳು ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯ ಶೋಕ್ಲೋ ಮಲೇರಿಯಾ ಸಂಶೋಧನಾ ಕೇಂದ್ರದಲ್ಲಿಯೂ ಆಫ್ರಿಕಾದ ಹಲವೆಡೆಯೂ ನಿಧಾನವಾಗಿ ಸೇರುತ್ತಿದ್ದವು. 34,000ಕ್ಕೂ ಹೆಚ್ಚು ಬಸುರುಗಳ ಮಾಹಿತಿಯನ್ನು ಒಗ್ಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೊದಲ ಮೂರು ತಿಂಗಳಲ್ಲಿ ಈ ಔಷಧ ಪಡೆದ 737 ಮಂದಿಯಲ್ಲಿ ಗರ್ಭಪಾತ, ಮೃತಶಿಶು ಜನನ, ಅಂಗವೈಕಲ್ಯಗಳು ಇತರ ಔಷಧ ಪಡೆದವರಿಗಿಂತ ಹೆಚ್ಚಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮೊದಲ ಮೂರು ತಿಂಗಳ ಸಾಮಾನ್ಯ ಫಾಲ್ಸಿಪಾರಂ ಮಲೇರಿಯಾಕ್ಕೆ ಆರ್ಟೆಮೆಥರ್–ಲ್ಯೂಮೆಫ್ಯಾಂಟ್ರಿನ್ ಸೂಕ್ತವೆಂದು ಶಿಫಾರಸು ಮಾಡಿತು. ಯಾವ ಔಷಧ, ಎಷ್ಟು ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸಬೇಕು.

ಗರ್ಭಿಣಿಯರನ್ನು ಕಾಪಾಡುತ್ತೇವೆಂಬ ಸದುದ್ದೇಶದಿಂದ ಅವರನ್ನು ಔಷಧ ಪ್ರಯೋಗಗಳಿಂದ ಹೊರಗಿಟ್ಟು, ಕೊನೆಗೆ ಅವರಿಗೆ ಯಾವ ಔಷಧ ಸುರಕ್ಷಿತವೆಂದು ಯಾರೂ ಹೇಳಲಾಗದ ಸ್ಥಿತಿಯನ್ನು ವೈದ್ಯಲೋಕ ತಂದುಕೊಂಡಿತ್ತು. ಇಂತಹ ಹೊರಗಿಡುವಿಕೆಯನ್ನು ರಕ್ಷಣೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನವಜಾತ ಶಿಶುಗಳ ವಿಷಯದಲ್ಲಿಯೂ ಇದೇ ಆಯಿತು. ಐದು ಕಿಲೋಗ್ರಾಂಗಿಂತ ಕಡಿಮೆ ತೂಕದ ಕೂಸುಗಳಿಗೆಂದೇ ರೂಪಿಸಿದ ಮಲೇರಿಯಾ ಔಷಧಕ್ಕೆ ಸ್ವಿಟ್ಜರ್ಲೆಂಡಿನ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ಸಿಕ್ಕಿದ್ದು 2025ರ ಜುಲೈನಲ್ಲಿ.

ಪ್ರಶ್ನೆ: ವೈವ್ಯಾಕ್ಸ್ ಮಲೇರಿಯಾ ಗರ್ಭಿಣಿಯರಿಗೆ ನಿರಪಾಯಕಾರಿಯೇ?

ಉತ್ತರ: ಅಲ್ಲ. ಬೇರೊಂದು ಪರಾವಲಂಬಿಯಿಂದ ಬರುವ ಈ ಮಲೇರಿಯಾ ಮಾಸಿನಲ್ಲಿ ಫಾಲ್ಸಿಪಾರಂನಂತೆ ಗುಂಪುಗೂಡದಿದ್ದರೂ ರಕ್ತಹೀನತೆಗೆ, ಮಗುವಿನ ತೂಕ ಇಳಿಯಲು, ಮೊದಲ ತಿಂಗಳುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ. ಇದರ ಪರಾವಲಂಬಿ ಯಕೃತ್ತಿನಲ್ಲಿ ಅಡಗಿದ್ದು ಮತ್ತೆ ಮತ್ತೆ ಮರುಕಳಿಸಬಲ್ಲದು. ಅದನ್ನು ನಿರ್ಮೂಲ ಮಾಡುವ ಪ್ರೈಮಾಕ್ವಿನ್ ಮಾತ್ರೆಯನ್ನು ಬಸುರಿನಲ್ಲಿ ಕೊಡುವಂತಿಲ್ಲವಾದ್ದರಿಂದ ಹೆರಿಗೆಯವರೆಗೂ ನಿಗಾ ಬೇಕು.

ಪ್ರಶ್ನೆ: ಮಕ್ಕಳಿಗೆ ಮಲೇರಿಯಾ ಲಸಿಕೆ ಬಂದಿದೆ. ಗರ್ಭಿಣಿಯರಿಗೆ ಯಾವಾಗ?

ಉತ್ತರ: ಮಕ್ಕಳ ಲಸಿಕೆಗಳು ಎರಡು. ಆರ್‌ಟಿಎಸ್,ಎಸ್ ಲಸಿಕೆಯನ್ನು 2021ರ ಅಕ್ಟೋಬರ್‌ನಲ್ಲಿಯೂ ಆರ್21 ಲಸಿಕೆಯನ್ನು 2023ರ ಅಕ್ಟೋಬರ್‌ನಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಘಾನಾ, ಕೀನ್ಯಾ ಮತ್ತು ಮಲಾವಿಯ ಪ್ರಾಯೋಗಿಕ ಹಂತ ಮುಗಿದ ಬಳಿಕ, ಮಕ್ಕಳ ನಿತ್ಯದ ಲಸಿಕಾ ಕಾರ್ಯಕ್ರಮದಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನು ಮೊದಲು ಸೇರಿಸಿದ ದೇಶ ಲೆಕೆ ಅವರ ಕ್ಯಾಮರೂನ್. 2024ರ ಜನವರಿ 22ರಂದು ಅಲ್ಲಿ ಆರಂಭವಾಯಿತು. ಈ ಲಸಿಕೆಗಳು ಸೊಳ್ಳೆ ಕಚ್ಚಿದ ಕೂಡಲೇ ದೇಹ ಸೇರುವ ರೂಪದ ಪರಾವಲಂಬಿಯನ್ನು ಗುರಿಯಾಗಿಸುತ್ತವೆ. ಮಾಸಿಗೆ ಅಂಟುವ ಪ್ರೋಟೀನಿಗೂ ಇವಕ್ಕೂ ಸಂಬಂಧವಿಲ್ಲ.

ವಾರ್2ಸಿಎಸ್‌ಎ ಪ್ರೋಟೀನಿನ ತುಣುಕುಗಳಿಂದ ತಯಾರಿಸಿದ ಪ್ಯಾಮ್‌ವ್ಯಾಕ್ ಮತ್ತು ಪ್ರಿಮ್‌ವ್ಯಾಕ್ ಎಂಬ ಎರಡು ಲಸಿಕೆಗಳು ಮಾನವರ ಮೇಲಿನ ಮೊದಲ ಹಂತದ ಪರೀಕ್ಷೆಯನ್ನು ದಾಟಿವೆ. ಮೊದಲನೆಯದನ್ನು ಜರ್ಮನಿ ಮತ್ತು ಬೆನಿನ್‌ನಲ್ಲಿ, ಎರಡನೆಯದನ್ನು ಫ್ರಾನ್ಸ್ ಮತ್ತು ಬುರ್ಕಿನಾ ಫಾಸೊದಲ್ಲಿ ಬಸುರಿಯರಲ್ಲದವರ ಮೇಲೆ ಪರೀಕ್ಷಿಸಲಾಯಿತು. ಎರಡೂ ಸುರಕ್ಷಿತವೆಂದು ಕಂಡುಬಂದವು, ಪ್ರತಿಕಾಯಗಳನ್ನೂ ಉಂಟುಮಾಡಿದವು. ಆದರೆ ಆ ಪ್ರತಿಕಾಯಗಳು ಲಸಿಕೆಗೆ ಬಳಸಿದ ತಳಿಯ ಪರಾವಲಂಬಿಯನ್ನು ತಡೆದಷ್ಟು ಚೆನ್ನಾಗಿ ಇತರ ತಳಿಗಳನ್ನು ತಡೆಯಲಿಲ್ಲ. ಹಲವು ಬಸುರುಗಳನ್ನು ಕಂಡ ತಾಯಿಯ ದೇಹ ತಾನಾಗಿ ಸಾಧಿಸುವ ವಿಶಾಲ ರಕ್ಷಣೆಯನ್ನು ಲಸಿಕೆಯಿಂದ ಪಡೆಯುವುದು ಹೇಗೆಂಬುದೇ ಈಗಿನ ಸಂಶೋಧನೆಯ ಮುಂದಿರುವ ಕೆಲಸ. ಅಂತಹ ಲಸಿಕೆ ಸಿದ್ಧವಾದರೆ ಅದನ್ನು ಹೆಣ್ಣುಮಕ್ಕಳಿಗೆ ಮೊದಲ ಬಸುರಿಗಿಂತ ಮುಂಚೆಯೇ ಕೊಡಬೇಕಾಗುತ್ತದೆ, ಏಕೆಂದರೆ ಮಾಸು ರೂಪುಗೊಳ್ಳುವ ಮೊದಲ ವಾರಗಳಲ್ಲಿ ತಾನು ಬಸುರಿ ಎಂಬುದು ಬಹಳ ಮಂದಿಗೆ ಇನ್ನೂ ತಿಳಿದಿರುವುದಿಲ್ಲ.